ಮೊದಲ ನೀರು

ಬಚ್ಚಲ ಕಲ್ಲು ಒದ್ದೆಯಾಗಿತ್ತು. ಅವಧೂತ ಬಾಗಿಲಲ್ಲೇ ನಿಂತು ಅದನ್ನು ನೋಡಿದ. ನಂಬಿಕೆ ಬಾರದೆ ಬಗ್ಗಿ ಬೆರಳಿಟ್ಟೂ ನೋಡಿದ. ಹಂಡೆಯ ಕೆಳಗಿನ ಬೆಂಕಿ ಆಗಲೇ ಕೆಂಡವಾಗಿತ್ತು, ನೀರು ಕಂಠದಿಂದ ಒಂದು ಗೇಣು ಕೆಳಗಿಳಿದಿತ್ತು. ಅಂದರೆ ತನಗಿಂತ ಮೊದಲು ಯಾರೋ ಸ್ನಾನ ಮಾಡಿ ಹೋಗಿದ್ದಾರೆ, ಒಬ್ಬರಲ್ಲ, ಇಬ್ಬರೋ ಮೂವರೋ ಇರಬೇಕು. ದಸರೆಗೆ ಖಾನಾಪುರಕ್ಕೆ ಮರಳಿ ಬಂದಂದಿನಿಂದ ಹೀಗಾದದ್ದು ಇದೇ ಮೊದಲ ಸಲ. ದಿನಾ ಬೆಳಗಾದರೆ ಅವ್ವ ಗಂಗೂಬಾಯಿ, 'ಮೊದಲ ನೀ ಝಳಕಾ ಮಾಡು' ಅನ್ನುತ್ತಿದ್ದಳು. ಸಾಲಿ ಮಾಸ್ತರನಾದ ತಮ್ಮ ಮಾರ್ತಾಂಡ ಹೊತ್ತಾದರೂ ಪಂಚೆ ಹೆಗಲಿಗೆ ಹಾಕಿಕೊಂಡು ಕಾಯುತ್ತ ಕೂಡುತ್ತಿದ್ದ. ಅವನ ಹೆಂಡತಿ ಕುಮುದಿನಿ ಹೊಸ ಸಾಬೂನು ತಂದಿಟ್ಟು ಹೋಗುತ್ತಿದ್ದಳು. ಬೇಡವೆಂದರೆ ಕೇಳುವವರಿಲ್ಲ. ಇವತ್ತು ಯಾರೂ ಅವನಿಗಾಗಿ ಕಾದಿಲ್ಲ. ಬೇರೆಯವರು ಕಾಲಿಟ್ಟ ಒದ್ದೆ ಕಲ್ಲಿನ ಮೇಲೆ ನಿಂತು, ಬೇರೆಯವರು ಮುಳುಗಿಸಿದ ತಂಬಿಗೆಯಿಂದಲೇ ನೀರು ಸುರಿದುಕೊಳ್ಳುತ್ತ ಅವಧೂತನಿಗೆ ಎಷ್ಟು ಸಂತೋಷವಾಯಿತೆಂದರೆ, ಇಷ್ಟು ಸಣ್ಣದಕ್ಕೆ ಇಷ್ಟು ಸಂತೋಷ ಪಡುವ ಸ್ಥಿತಿಗೆ ತಾನು ಬಂದೆನಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು.

ಸ್ನಾನದ ಸರದಿಯ ಈ ಲೆಕ್ಕ ಅವನಿಗೆ ಕಲಿಸಿದ್ದು ಜಪಾನದ ಕೋಬೆ ಪಟ್ಟಣ. ಅಲ್ಲಿ ಹಿಂದೂಸ್ತಾನದ ರೇಶಿಮೆ ವ್ಯಾಪಾರಿಯೊಬ್ಬನ ಕಚೇರಿಯಲ್ಲಿ ಕಾರಕೂನನಾಗಿ ಏಳು ವರ್ಷ ದುಡಿದ. ಆ ಏಳೂ ವರ್ಷ ಓನಿಶಿ ಎಂಬವರ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ. ಆ ಮನೆಯಲ್ಲಿ ಸಂಜೆ ಒಂದು ದೊಡ್ಡ ಕಟ್ಟಿಗೆಯ ತೊಟ್ಟಿಯಲ್ಲಿ ನೀರು ಕಾಯಿಸುತ್ತಿದ್ದರು. ಹೊರಗೆ ಮೈ ತೊಳೆದುಕೊಂಡು, ಒಬ್ಬರಾದ ಮೇಲೊಬ್ಬರು ಅದೇ ನೀರಿಗಿಳಿದು ಕೂಡಬೇಕು. ಮೊದಲು ಅತಿಥಿ, ಆಮೇಲೆ ಮುದುಕ ಓನಿಶಿ, ಆಮೇಲೆ ಮಗ, ಎಲ್ಲರದೂ ಆದ ಮೇಲೆ ಹೆಂಗಸರು. ಮೊದಲ ದಿನ ಆ ಪದ್ಧತಿ ಕೇಳಿ ಅವಧೂತ ಹೌಹಾರಿದ್ದ. ಇನ್ನೊಬ್ಬರು ಮುಳುಗೆದ್ದ ನೀರೇ! ಶಿವ ಶಿವಾ! ತನ್ನದು ಮೊದಲ ಸರದಿ ಎಂದು ತಿಳಿದಾಗ ಓನಿಶಿಯ ಹೆಂಡತಿಗೆ ಕೈ ಮುಗಿಯಬೇಕೆನಿಸಿತ್ತು. 'ಇಲ್ಲಿಯವರು ನನಗೆ ಬಹಳ ಮಾನ ಕೊಡುತ್ತಾರೆ, ಯಜಮಾನನಿಗಿಂತಲೂ ಮೊದಲು ನನಗೆ ಸ್ನಾನದ ನೀರು' ಎಂದು ಆ ವಾರವೇ ಅಪ್ಪ ಕೃಷ್ಣಾಜಿಪಂತರಿಗೆ ಬರೆದಿದ್ದ. ಮೂರನೆಯ ವರ್ಷದ ಹೊತ್ತಿಗೆ ಅದರ ಅರ್ಥ ನಿಧಾನವಾಗಿ ಹೊಳೆಯಿತು. ಆ ಮನೆಗೆ ಸೊಸೆ ಬಂದಳು, ಸರದಿಯಲ್ಲಿ ಅವಳಿಗೊಂದು ಜಾಗ ಸಿಕ್ಕಿತು. ಸೋದರಳಿಯನೊಬ್ಬ ಓದಲು ಬಂದ, ಒಂದು ತಿಂಗಳು ಮೊದಲ ನೀರಿಗಿಳಿದ. ಆಮೇಲೊಂದು ದಿನ ಯಾರೂ ಏನೂ ಹೇಳದೆ ಮಗನ ನಂತರಕ್ಕೆ ಸರಿದುಬಿಟ್ಟ. ಅವಧೂತ ಮಾತ್ರ ಏಳು ವರ್ಷವೂ ಮೊದಲು. ಒಮ್ಮೆ ಅವನು ಬೇಕೆಂದೇ ತಡಮಾಡಿ ಬಂದ. ಇಡೀ ಮನೆ ಮಂದಿ ಬೆವರಿದ ಮೈಯಲ್ಲಿ ಕಾಯುತ್ತ ಕೂತಿದ್ದರು, ನಗುತ್ತಲೇ ಇದ್ದರು. ಅವತ್ತು ನೀರಿಗಿಳಿದು ಕೂತಾಗ, ಈ ಮನೆಯವರ ಮೈಯ ಕೊಳೆ ಮುಟ್ಟುವ ಯೋಗ್ಯತೆಯೂ ತನಗಿಲ್ಲವಲ್ಲ ಅನಿಸಿ ಅವನಿಗೆ ಅಳು ಬಂದಿತ್ತು.

ಒಳಗೆ ಬಂದರೆ ಅಡಿಗೆಮನೆಯಲ್ಲಿ ಗಡಿಬಿಡಿ. ಕುಮುದಿನಿ ಒದ್ದೆ ಕೂದಲು ಗಂಟು ಹಾಕಿಕೊಂಡು, 'ಭಾವನವರ, ಮುಟ್ಟಬ್ಯಾಡ್ರಿ, ಮಡೀಲಿದ್ದೀನಿ' ಎಂದು ಗೋಡೆಗೆ ಸರಿದು ಹಾಯ್ದುಹೋದಳು. ಕಾರ್ತಿಕ ಮಾಸ, ಹೆಂಗಸರದು ದಿನಕ್ಕೊಂದು ವ್ರತ ಇದ್ದದ್ದೇ. ತುಳಸಿ ಲಗ್ನಕ್ಕೆ ಕಟ್ಟಿದ ಕಬ್ಬು ಇನ್ನೂ ಕಟ್ಟೆಯ ಮೇಲೆ ಒಣಗುತ್ತ ನಿಂತಿತ್ತು. ಅವ್ವ ಹಿತ್ತಲಿನ ಒಲೆಯ ಮೇಲೆ ಅವನಿಗಷ್ಟೇ ಚಹಾ ಮಾಡಿ, ಒಗ್ಗರಣೆ ಅವಲಕ್ಕಿಯ ತಾಟು ಮುಂದಿಟ್ಟು, 'ಲಗೂ ಲಗೂ ತಿನ್ನು, ಗಾಡಿ ತಪ್ಪೀತು' ಎಂದಳು. ಅವಳ ಮುಖವನ್ನು ಅವನು ನೋಡಲಿಲ್ಲ. ಬಂದಾಗಿನಿಂದಲೂ ಸರಿಯಾಗಿ ನೋಡಿಲ್ಲ. ಹಡಗು ಹತ್ತಲು ಹೊರಟಾಗ ಬಾಗಿಲಲ್ಲಿ ನಿಂತ ಅವ್ವನ ಹಣೆಯಲ್ಲಿ ದೊಡ್ಡ ಕುಂಕುಮವಿತ್ತು, ಬೆನ್ನ ತುಂಬ ಹರಡುವ ಕೂದಲಿತ್ತು. ಮರಳಿ ಬಂದಾಗ ಅದೇ ಬಾಗಿಲಲ್ಲಿ ಬೋಳು ತಲೆಯ ಮೇಲೆ ಕೆಂಪು ಸೀರೆಯ ಸೆರಗೆಳೆದುಕೊಂಡ ಮುದುಕಿಯೊಬ್ಬಳು ನಿಂತಿದ್ದಳು. ಅಪ್ಪ ತೀರಿಕೊಂಡು ಎರಡು ವರ್ಷವಾಗುತ್ತ ಬಂತು, ಅವ್ವ ಹೀಗಿರುತ್ತಾಳೆಂದು ಗೊತ್ತಿಲ್ಲದ್ದೇನಲ್ಲ. ಆದರೂ ಅವತ್ತು ಕಾಲು ಮುಟ್ಟಿ ನಮಸ್ಕಾರ ಮಾಡಿ ಮೇಲೆದ್ದವನ ಬಾಯಿಂದ ಹೊರಟ ಮಾತು, 'ಮುಂಬಯಿಯೊಳಗ ಬಹಳ ಶಕೆ ಅದ ಅವ್ವಾ.'

ಪಡಸಾಲೆಯಲ್ಲಿ ಮಾರ್ತಾಂಡ ಅವನ ಕೋಟನ್ನು ಹಿಡಿದು ನಿಂತಿದ್ದ. ಬೆಳಗಾವಿಯ ವಾಚನಾಲಯದಲ್ಲಿ ಇವತ್ತು ಅವಧೂತನ ಭಾಷಣ, ವಿಷಯ 'ಜಪಾನೀಯರ ನಿತ್ಯಜೀವನ'. ಬಾಳಾಸಾಹೇಬ ವಕೀಲರಿಗೆ ಹೇಳಿ, ದಿನ ಗೊತ್ತು ಮಾಡಿ, ಎಲ್ಲ ಹೊಂದಿಸಿದವನು ಮಾರ್ತಾಂಡನೇ. 'ಊಟ ಅಲ್ಲೇ ಅವರ ಮನಿಯೊಳಗ ಅಣ್ಣಾ. ಸಂಜೀ ಗಾಡಿಗೆ ಬಂದ್ರಾತು. ಗಡಬಡ ಏನಿಲ್ಲ,' ಎಂದ. ಅವನ ಕೂದಲೂ ಒದ್ದೆಯಾಗಿತ್ತು. ಈ ತಮ್ಮನನ್ನು ಮೊನ್ನೆ ಮೊನ್ನೆ ಹಿತ್ತಲಲ್ಲಿ ಹಿಡಿದು ಅವಧೂತ ಒಂದು ಮಾತು ಕೇಳಿದ್ದ. ಕೇಳಲು ಎಷ್ಟೋ ದಿನದಿಂದ ಧೈರ್ಯ ಕೂಡಿಸುತ್ತಿದ್ದ ಮಾತು ಅದು. 'ಈ ತಿಂಗಳ ಕಡೀಕ ಅಪ್ಪನ ಶ್ರಾದ್ಧ ಬರತದಲ್ಲೋ. ಈ ಸಲ ನಾ ಕೂಡತೀನಿ.' ಮಾರ್ತಾಂಡ ಬಾವಿಯ ಹಗ್ಗವನ್ನು ಸುತ್ತಿ ಸುತ್ತಿ ಇಡುತ್ತ, 'ನೋಡೂಣಂತ ಅಣ್ಣಾ. ಇನ್ನೂ ವ್ಯಾಳ್ಯಾ ಅದ' ಎಂದಿದ್ದ. ಆದೀತು, ನೋಡೋಣ. ಹಿರಿಯ ಮಗ ತಾನು. ಸಮುದ್ರ ದಾಟಿ ಬಂದದ್ದಕ್ಕೆ ಮೊದಲ ವಾರವೇ ಭಟ್ಟರ ಕೈಯಿಂದ ಪಂಚಗವ್ಯ ತೆಗೆದುಕೊಂಡಾಗಿದೆ, ಆ ಪ್ರಶ್ನೆ ಅಲ್ಲಿಗೆ ಮುಗಿದಿದೆ. ಅಪ್ಪ ಸತ್ತಾಗ ತಾನಿರಲಿಲ್ಲ. ಬೆಂಕಿ ಕೊಟ್ಟವನು ಮಾರ್ತಾಂಡ, ಹೋದ ವರ್ಷ ಪಿಂಡ ಇಟ್ಟವನೂ ಮಾರ್ತಾಂಡ. ಇನ್ನು ಮೇಲಾದರೂ ಅಪ್ಪನ ಹೆಸರು ಹೇಳಿ ಒಂದು ಬೊಗಸೆ ಎಳ್ಳುನೀರು ಬಿಟ್ಟರೆ ತಾನು ಈ ಮನೆಯ ಮಗನಾಗಿ ಉಳಿಯುತ್ತೇನೆ. ಇಲ್ಲದಿದ್ದರೆ ಇಲ್ಲಿಯೂ ತಾನೊಬ್ಬ ಬಾಡಿಗೆಯವನು.

ಚೀಲ ಹೊತ್ತು ಸ್ಟೇಶನ್ನಿನವರೆಗೆ ಜೊತೆಗೆ ಬಂದವನು ಮನೆಯ ಹೊಲ ನೋಡಿಕೊಳ್ಳುವ ಭರಮಪ್ಪ. ದಾರಿಯಲ್ಲಿ ಅವನು ಒಮ್ಮೆ, 'ಇವತ್ತ ಹೊಂಟೀರೇನ್ರಿ ಅಣ್ಣಾರ?' ಎಂದ.

'ಹೌದೋ ಮಾರಾಯಾ, ಭಾಷಣ ಐತೆಲ್ಲಾ.'

'ಹೂಂ. ಬಿಡ್ರಿ ಮತ್ತ,' ಎಂದು ಭರಮಪ್ಪ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಅವಧೂತ ತನ್ನ ಖುಷಿಯಲ್ಲಿದ್ದ.

ಗಾಡಿಯಲ್ಲಿ ಕಿಟಕಿಯ ಬಾಜುವಿಗೆ ಕೂತು ಭಾಷಣವನ್ನು ಮನಸ್ಸಿನಲ್ಲೇ ಉರುಹೊಡೆದ. ಜನಕ್ಕೆ ಬೇಕಾದದ್ದೇನೆಂದು ಅವನಿಗೆ ಗೊತ್ತಿತ್ತು. ರಷ್ಯದಂಥ ರಷ್ಯವನ್ನು ಮಣ್ಣು ಮುಕ್ಕಿಸಿದ ಏಶಿಯದ ಗಂಡುಮಕ್ಕಳು, ಅವರ ಶಿಸ್ತು, ಅವರ ಸ್ವಚ್ಛತೆ, ಅವರ ವಿನಯ. ಆಹಾ, ಆ ವಿನಯ! ಅದರ ಬಗ್ಗೆ ಮಾತಾಡಲು ಬಿಟ್ಟರೆ ಅವನು ಮೂರು ದಿನ ಮಾತಾಡಿಯಾನು. ಪಗಾರು ಹೆಚ್ಚಿಸಿರೆಂದು ಕೇಳಿದರೆ ಕಚೇರಿಯ ಜಪಾನಿ ಮುಖ್ಯಸ್ಥ ಇಲ್ಲ ಅನ್ನುವುದಿಲ್ಲ, 'ಯೋಚಿಸಿ ನೋಡೋಣ' ಅನ್ನುತ್ತಾನೆ. ಅದೇ ಇಲ್ಲ. ಅದು ತಿಳಿಯಲು ಪರದೇಶಿಗೆ ಎರಡು ವರ್ಷ ಬೇಕು. ಪೋಲೀಸಿನವನು ತಿಂಗಳಿಗೊಮ್ಮೆ ಬಂದು ನೆಗಡಿ ಹೇಗಿದೆ ಎಂದು ಅಕ್ಕರೆಯಿಂದ ಕೇಳಿ, ಯಾರು ಯಾರು ಭೆಟ್ಟಿಗೆ ಬಂದಿದ್ದರೆಂದು ಬರೆದುಕೊಂಡು ಹೋಗುತ್ತಾನೆ. ಕೋಟಿನ ಬೆನ್ನು ಹರಿದಿದ್ದರೆ ಇಡೀ ಓಣಿ ನೋಡುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಕಡ್ಡಿಗಳಿಂದ ಅನ್ನ ಎತ್ತಿದರೆ, 'ಅಬ್ಬಾ, ಎಷ್ಟು ಚೆನ್ನಾಗಿ ಬರುತ್ತದೆ ನಿಮಗೆ' ಅನ್ನುತ್ತಾರೆ. ಮೊದಲ ದಿನವೂ ಹಾಗೇ ಅಂದರು, ಏಳು ವರ್ಷದ ಮೇಲೆ ಹಡಗು ಹತ್ತುವ ದಿನವೂ ಹಾಗೇ ಅಂದರು. ಮಹಾ ಭೂಕಂಪದ ನಂತರ ಯೋಕೋಹಾಮದಿಂದ ಓಡಿಬಂದ ನೆಂಟರು ಓನಿಶಿಯ ಮನೆಯಲ್ಲಿ ಕೂತು, ಅಲ್ಲಿ ಕೊರಿಯದ ಕೂಲಿಗಳನ್ನು ಜನ ಹೇಗೆ ಅಟ್ಟಾಡಿಸಿ ಕೊಂದರೆಂದು ತಗ್ಗಿದ ದನಿಯಲ್ಲಿ ಹೇಳಿದರು. ಎಲ್ಲರೂ ತಲೆ ತಗ್ಗಿಸಿ ಕೇಳಿದರು, ಆಮೇಲೆ ಸಿಹಿಯ ತಟ್ಟೆ ಒಂದು ಸುತ್ತು ಬಂತು. ಮತ್ತೆ ಆ ಮಾತು ಆ ಮನೆಯಲ್ಲಿ ಏಳಲಿಲ್ಲ. ಇದಕ್ಕೆಲ್ಲ ಮೇಲಾದ ಸಂಗತಿ ಒಂದಿತ್ತು, ಅವನು ಅವರನ್ನು ಎಂದೂ ಕ್ಷಮಿಸಲಾರದ ಸಂಗತಿ. ಅಪ್ಪ ಸತ್ತ ಸುದ್ದಿಯ ಕಾಗದ ಕೈಸೇರಿದಾಗ ಅಪ್ಪ ಬೂದಿಯಾಗಿ ತಿಂಗಳ ಮೇಲಾಗಿತ್ತು. ಓನಿಶಿಯ ಹೆಂಡತಿ ನೆಲಕ್ಕೆ ಹಣೆ ಮುಟ್ಟಿಸಿ, ಇಂಥದಕ್ಕೆಂದೇ ಇರುವ ಮಾತುಗಳನ್ನು ಹೇಳಿ, ಒಂದು ತಾಸು ಮೊದಲೇ ನೀರು ಕಾಯಿಸಿದಳು. ಅವನು ಆ ತೊಟ್ಟಿಯಲ್ಲಿ ಸಾವಿನ ಸ್ನಾನ ಮಾಡಿದ. ಮಾರನೆಯ ದಿನದಿಂದ ಎಂದಿನಂತೆ ಹವೆಯ ಮಾತು, ಹೂವಿನ ಮಾತು. ನಿನ್ನ ಅಪ್ಪನ ಹೆಸರೇನು, ಅವನಿಗೆ ಏನಾಗಿತ್ತು ಎಂದು ಆ ಮನೆಯಲ್ಲಿ ಒಬ್ಬರಾದರೂ ಕೇಳಲಿಲ್ಲ. ಥೂ, ಅವರೂ ಒಂದು ಮನುಷ್ಯರೇ ಎಂದು ಅವತ್ತಿನಿಂದ ಅವನು ಮನಸ್ಸಿನಲ್ಲೇ ಉಗಿಯುತ್ತ ಬಂದಿದ್ದ.

ಬಾಳಾಸಾಹೇಬರ ಮನೆಯಲ್ಲಿ ಬೆಳ್ಳಿಯ ತಾಟು, ಪೂರಿ, ಶ್ರೀಖಂಡ. ಸುತ್ತ ರಂಗೋಲಿ, ಊದುಬತ್ತಿ. ಬಾಳಾಸಾಹೇಬರು ತುಂಬು ಮೈಯ ಮನುಷ್ಯ, ಕೋರ್ಟಿನಲ್ಲಿ ಮಾತಾಡಿದ ಹಾಗೆಯೇ ಊಟದಲ್ಲೂ ಮಾತಾಡುವವರು. ಅವರು ಭಾಷಣಕ್ಕೆ ಬರುವ ದೊಡ್ಡವರ ಹೆಸರು ಹೇಳುತ್ತಿರುವಾಗ ಅವರ ತಾಯಿ ತುಪ್ಪದ ಗಿಂಡಿ ಹಿಡಿದು ಬಂದರು. ಕಣ್ಣು ಮಂಜಾದ ಹಳೆಯ ಜೀವ. ಜಪಾನದಿಂದ ಯಾರೋ ಬಂದಿದ್ದಾರೆ ಎಂಬುದಷ್ಟೇ ಅವರಿಗೆ ತಿಳಿದಿತ್ತು.

'ನಮ್ಮ ಭಟ್ಟರನ್ನೂ ಊಟಕ್ಕ ಕರೀಬೇಕಂತ ಮಾಡಿದ್ದೆ, ಸಿಗಲಿಲ್ಲ ನೋಡ್ರಿ,' ಎಂದರು ತುಪ್ಪ ಬಿಡುತ್ತ. 'ಖಾನಾಪುರಕ್ಕ ಹೋಗ್ಯಾರ. ಕೃಷ್ಣಾಜಿಪಂತರ ತಿಥಿ ಇವತ್ತ, ಷಷ್ಠಿ. ಬ್ರಾಹ್ಮಣಾರ್ಥಕ್ಕ ಕರದಾರಂತ. ಪಾಪ, ಚಲೋ ಮನಶ್ಯಾರು. ಹಿರೇ ಮಗ ಎಲ್ಲೋ ಸಮುದ್ರದಾಚೆ ಇದ್ದಾನಂತ, ಎಲ್ಲಾ ಸಣ್ಣಾಂವನ ಮಾಡತಾನ. ಬಂಗಾರದಂಥಾ ಹುಡುಗ. ಇನ್ನೊಂದ ಪೂರಿ ಹಾಕ್ಲೇನು?'

ಬಾಳಾಸಾಹೇಬರು ಆಗ ಒಳಗೆ ತಿರುಗಿ ಉಪ್ಪಿನಕಾಯಿ ತರಲು ಹೇಳುತ್ತಿದ್ದರು, ಅವರಿಗೆ ಕೇಳಿಸಲಿಲ್ಲ. ಅವಧೂತನ ಬಾಯಲ್ಲಿ ಶ್ರೀಖಂಡವಿತ್ತು. ಅದನ್ನು ನುಂಗುವುದು ಹೇಗೆಂದು ತಿಳಿಯದೆ ಕೂತ. ಷಷ್ಠಿ. ತಾರೀಖಲ್ಲ, ತಿಥಿ. ಅಯ್ಯೋ, ಶ್ರಾದ್ಧವನ್ನು ಯಾರಾದರೂ ನವೆಂಬರ್ ತಾರೀಖು ನೋಡಿ ಮಾಡುತ್ತಾರೆಯೇ! ಕಾಗದದಲ್ಲಿ ಮಾರ್ತಾಂಡ ಪರದೇಶಕ್ಕೆಂದು ಇಂಗ್ಲಿಷ್ ತಾರೀಖನ್ನು ಬರೆದಿದ್ದ, ಅದೇ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಅಪ್ಪ ಸತ್ತದ್ದು ನವೆಂಬರಿನ ಕೊನೆಗೆ, ಆದರೆ ಈ ವರ್ಷ ಕಾರ್ತಿಕ ಬಹುಳ ಷಷ್ಠಿ ಮೂರು ವಾರ ಮೊದಲೇ ಬಂದು ನಿಂತಿದೆ. ಬ್ರಾಹ್ಮಣನ ಮನೆಯ ಕೂಸಿಗೂ ತಿಳಿದಿರುವ ಲೆಕ್ಕ ಇದು. ಹಾಗಾದರೆ ಬಚ್ಚಲ ಕಲ್ಲು ಒದ್ದೆಯಾಗಿದ್ದದ್ದು ಇದಕ್ಕೆ. ಮಾರ್ತಾಂಡನ ಒದ್ದೆ ಕೂದಲು, ಕುಮುದಿನಿಯ ಮಡಿ, ಹಿತ್ತಲಿನ ಒಲೆಯ ಮೇಲೆ ತನಗಷ್ಟೇ ಬೇರೆ ಚಹಾ, ಎಲ್ಲವೂ ಇದಕ್ಕೆ. ಭಾಷಣ, ಬೆಳ್ಳಿಯ ತಾಟು ಎಲ್ಲವೂ ಇದಕ್ಕೇ. 'ನೋಡೂಣಂತ ಅಣ್ಣಾ' ಎಂದಾಗಲೇ ಇಲ್ಲ ಎಂದು ಹೇಳಿಯಾಗಿತ್ತು, ಇಂಥ ಇಲ್ಲಗಳನ್ನು ಕೇಳಿ ಕೇಳಿ ಪಂಡಿತನಾದ ತನಗೇ ಅದು ತಿಳಿಯಲಿಲ್ಲ. ಅವನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ತಟ್ಟೆಯ ಮುಂದೆ ಕೂತಿದ್ದ ಸಣ್ಣ ಹುಡುಗನ ಕೈಯಿಂದ ಯಾರೋ ನಗುನಗುತ್ತಲೇ ತುತ್ತು ಕಸಿದುಕೊಂಡಂತಾಯಿತು.

ಆದರೆ ಆಗಿನ್ನೂ ಹೊತ್ತಿತ್ತು. ಇದನ್ನು ಅವನು ಆಮೇಲೆ ಎಷ್ಟು ಸಲ ನೆನೆಸಿಕೊಂಡನೋ! ಪಿಂಡ ಇಡುವುದು ಮಧ್ಯಾಹ್ನ ಕಳೆದ ಮೇಲೆ. ಕೋಟೆಯ ಹತ್ತಿರದಿಂದ ಖಾನಾಪುರಕ್ಕೆ ಸರ್ವೀಸ್ ಮೋಟಾರು ಹೊರಡುತ್ತದೆ, ಬಾಳಾಸಾಹೇಬರೇ ಈಗಷ್ಟೇ ಅದರ ಹೊಗೆ, ಧೂಳು ಎಲ್ಲ ಬಣ್ಣಿಸಿ ಹೇಳಿದ್ದರು. ಎದ್ದು, 'ಇವತ್ತ ನಮ್ಮಪ್ಪನ ಶ್ರಾದ್ಧ, ನಾ ಹೋಗಬೇಕು' ಎಂದರೆ ಮುಗಿಯಿತು. ಯಾವ ವಕೀಲ ಬೇಡವೆಂದಾನು? ಅವನು ಎದ್ದೇ ಬಿಟ್ಟ ಎಂದು ತನಗೆ ತಾನೇ ಅನಿಸಿತು, ಕಾಲು ಮಾತ್ರ ಮಣೆಯ ಮೇಲೇ ಇತ್ತು. ಎದ್ದರೆ ಈ ಮುದುಕಿಗೆ ತನ್ನ ಮಾತಿನಿಂದ ಹೀಗಾಯಿತೆಂದು ನಾಚಿಕೆಯಾಗುತ್ತದೆ. ಬಾಳಾಸಾಹೇಬರು ಕುರ್ಚಿ ಹಾಕಿಸಿದ್ದಾರೆ, ದೊಡ್ಡವರು ಬರುತ್ತಾರೆ. ಅಪ್ಪನ ತಿಥಿ ಗೊತ್ತಿರಲಿಲ್ಲವೇ ಎಂದು ಯಾರಾದರೂ ಕೇಳಿದರೆ? ಮುದುಕಿ ಇನ್ನೊಂದು ಪೂರಿ ಹಾಕಿದರು. ಅವಧೂತ ತಲೆ ಬಗ್ಗಿಸಿ, 'ಭಾಳ ಚಲೋ ಆಗ್ಯಾವ್ರಿ' ಎಂದ. ಹಾಗೆಂದು ಆ ಪೂರಿಯನ್ನೂ ತಿಂದ. ಕೈ ತೊಳೆಯುವಾಗ ಎಲ್ಲೋ ದೂರ ಒಂದು ಮೋಟಾರು ಗುರುಗುಟ್ಟಿ ಹೊರಟ ಸದ್ದು ಕೇಳಿಸಿತು.

ವಾಚನಾಲಯದಲ್ಲಿ ಬೆತ್ತದ ಕುರ್ಚಿಗಳೆಲ್ಲ ತುಂಬಿದ್ದವು, ಖಾದಿ ಟೊಪ್ಪಿಗೆಯ ಹುಡುಗರು ಗೋಡೆಗೊರಗಿ ನಿಂತಿದ್ದರು. ಬಾಳಾಸಾಹೇಬರು ಅವನ ಕೊರಳಿಗೆ ಹಾರ ಹಾಕಿ ಮುಂದೆ ನಿಲ್ಲಿಸಿದರು. ಉರುಹೊಡೆದ ಭಾಷಣ ಅವನಿಗೆ ಒಂದು ಸಾಲೂ ನೆನಪಾಗಲಿಲ್ಲ. ಖಾನಾಪುರದಲ್ಲಿ ಈಗ ಮಾರ್ತಾಂಡ ಜನಿವಾರವನ್ನು ಬಲಕ್ಕೆ ಹಾಕಿಕೊಂಡಿರುತ್ತಾನೆ. ಈಗ ದರ್ಭೆಯ ಮೇಲೆ ಎಳ್ಳು ಚೆಲ್ಲುತ್ತಿರುತ್ತಾನೆ. 'ಅವರು ನನಗೆ ಏಳು ವರ್ಷ ದಿನಾಲೂ ಮೊದಲ ನೀರು ಕೊಟ್ಟರು,' ಎಂದು ಬಿಟ್ಟ ಅವಧೂತ, ಪ್ರಸ್ತಾವನೆಯೂ ಇಲ್ಲದೆ. ತೊಟ್ಟಿಯ ಪದ್ಧತಿ ವಿವರಿಸಿದ. ಯಜಮಾನ ಬೆವರುತ್ತ ಕಾಯುತ್ತಿದ್ದದ್ದು, ತಾನು ಎಂದೂ ಎರಡನೆಯವನಾಗದಿದ್ದದ್ದು, ಎಲ್ಲ ಹೇಳಿದ. ಇದು ನನಗೆ ಮಾಡಿದ ದೊಡ್ಡ ಅಪಮಾನ ಎಂದು ಮುಂದಿನ ವಾಕ್ಯದಲ್ಲಿ ಹೇಳುವವನಿದ್ದ, ಅಷ್ಟರಲ್ಲಿ ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. 'ಏನ್ ಅತಿಥಿ ಸತ್ಕಾರ ಅಂತೀನಿ!' ಎಂದು ಮುಂದಿನ ಸಾಲಿನಲ್ಲಿ ಯಾರೋ ಉದ್ಗರಿಸಿದರು. 'ಅವರು ಎದುರಿನವನ ಮನಸ್ಸು ನೋಯಿಸಬಾರದೆಂದು ಇಲ್ಲ ಎಂಬ ಮಾತನ್ನೇ ಆಡುವುದಿಲ್ಲ' ಎಂದ, ಅದಕ್ಕೂ ಚಪ್ಪಾಳೆ. ದನಿಯೇರಿಸಿ, 'ನಿಮಗೆ ತಿಳಿಯುತ್ತಿಲ್ಲ, ಒಬ್ಬ ಮನುಷ್ಯನನ್ನು ಹೊರಗಿಡಲು ಅವನ ಕೊರಳಿಗೆ ಹಾರ ಹಾಕಿದರೆ ಸಾಕು' ಎಂದಾಗ ತನ್ನ ಕೊರಳಲ್ಲೇ ಹಾರವಿರುವುದು ನೆನಪಾಗಿ ಮಾತು ನಿಂತಿತು. ಗೋಡೆಗೊರಗಿದ್ದ ಹುಡುಗನೊಬ್ಬ, 'ಜಪಾನದವರು ಸುಳ್ಳ ಹೇಳೂದಿಲ್ಲಂತ, ಖರೇ ಏನ್ರಿ?' ಎಂದು ಕೇಳಿದ.

'ಸುಳ್ಳ ಹೇಳೂದಿಲ್ಲ,' ಎಂದ ಅವಧೂತ. 'ಖರೇನೂ ಹೇಳೂದಿಲ್ಲ.'

ಎಲ್ಲರೂ ನಕ್ಕರು. ಬಾಳಾಸಾಹೇಬರು ಎದ್ದು ನಿಂತು, ವಕ್ತಾರರ ವಿನೋದ ಶಕ್ತಿಯನ್ನು ಹೊಗಳಿ, ಈ ವಿನಯವನ್ನು ನಮ್ಮ ಜನ ಕಲಿಯುವುದು ಯಾವಾಗ ಎಂದು ನಿಟ್ಟುಸಿರು ಬಿಟ್ಟು ಸಭೆ ಮುಗಿಸಿದರು.

ಮಧ್ಯಾಹ್ನ ಬಾರದ ಸಿಟ್ಟು ಸಂಜೆಯ ಗಾಡಿ ಇಳಿದು ಮನೆಗೆ ನಡೆಯುವಾಗ ಬಂತು. ಹಾರವನ್ನು ಗಾಡಿಯಲ್ಲೇ ಬಿಟ್ಟಿದ್ದ. ಪಡಸಾಲೆಯಲ್ಲಿ ಮಾರ್ತಾಂಡ ಗೋಡೆಗೊರಗಿ ಕೂತಿದ್ದವನು ಅಣ್ಣನನ್ನು ಕಂಡು ದಡಕ್ಕನೆ ಎದ್ದ. ಬೆರಳಲ್ಲಿ ದರ್ಭೆಯ ಪವಿತ್ರದುಂಗುರ ಇದ್ದ ಕಡೆ ಕೆಂಪಗೆ ಗೀರು ಮೂಡಿತ್ತು. ಅವಧೂತ ಅದನ್ನೇ ನೋಡಿದ. ಮಾರ್ತಾಂಡ ಆ ಕೈಯನ್ನು ಬೆನ್ನ ಹಿಂದೆ ಒಯ್ದು, 'ಭಾಷಣ ಚಲೋ ಆತೇನ ಅಣ್ಣಾ?' ಎಂದ. ಆ ದನಿಯಲ್ಲಿ ಎಷ್ಟು ಹೆದರಿಕೆ ಇತ್ತೆಂದರೆ ಅವಧೂತನಿಗೆ ಅವನ ಮೇಲೆ ಕೈ ಎತ್ತಬೇಕೆಂದಿದ್ದದ್ದು ಅಲ್ಲೇ ಕರಗಿತು. ಓನಿಶಿಯ ಮನೆಯಲ್ಲಾಗಿದ್ದರೆ ಅವನೀಗ 'ಚಲೋ ಆತು' ಎಂದು ಹೇಳಿ ಮಾಳಿಗೆ ಹತ್ತುತ್ತಿದ್ದ. ಇಲ್ಲಿಯೂ ಹಾಗೆ ಹೇಳಿ ಮಲಗಿಬಿಡಬಹುದು. ನಾಳೆ ಬೆಳಿಗ್ಗೆ ಮತ್ತೆ ಮೊದಲ ನೀರು, ಹೊಸ ಸಾಬೂನು. ಇಲ್ಲ, ಸಾಕು. ಅವನು ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋದ. ಅವ್ವ ನಡುಮನೆಯಲ್ಲಿ ಕಂಬಕ್ಕೊರಗಿ ಕೂತಿದ್ದಳು.

'ಅವ್ವಾ, ನನಗ್ಯಾಕ ಹೇಳಲಿಲ್ಲ?'

ಗಂಗೂಬಾಯಿ ಅವನನ್ನು ಎವೆಯಿಕ್ಕದೆ ನೋಡಿದಳು. ಏನು ಎಂದು ಅವಳು ಕೇಳಲಿಲ್ಲ.

'ನಾನ ಬ್ಯಾಡ ಅಂದೆ,' ಎಂದಳು. 'ಮಾರ್ತಾಂಡಂದೇನೂ ತಪ್ಪಿಲ್ಲ. ಅಣ್ಣಗ ಹೇಳೂಣು, ಹೇಳೂಣು ಅಂತ ನನ್ನ ಬೆನ್ನ ಹತ್ತಿದ್ದ. ಅವನಾಗೇ ಕೇಳಿದ್ರ ಹೇಳು, ಇಲ್ಲಾಂದ್ರ ಬ್ಯಾಡ ಅಂದೆ ನಾ.'

'ಕೇಳಿದ್ನೆಲ್ಲವ್ವಾ. ತಿಂಗಳ ಕಡೀಕ ಅದ ಅಲ್ಲೇನಂತ ಕೇಳಿದ್ದೆ.'

'ತಾರೀಖ ಕೇಳಿದಿ. ನಿಮ್ಮಪ್ಪಗ ಏನಾಗಿತ್ತಂತ ಕೇಳಿದೇನು? ಬಂದು ಒಂದೂವರಿ ತಿಂಗಳಾತು. ಮುಂಬಯಿ ಶಕೆ ಹೇಳಿದಿ, ಅಲ್ಲಿ ಹಿಮ ಬೀಳೂದು ಹೇಳಿದಿ, ಆ ಮಂದಿ ಹೆಂಗ ಬಾಗತಾರ, ಹೆಂಗ ನಗತಾರ, ಎಲ್ಲಾ ಹೇಳಿದಿ. ಅಪ್ಪಾ ಹೆಂಗ ಹೋದಾ ಅವ್ವಾ ಅಂತ ಒಂದ ಸಲ ಕೇಳಲಿಲ್ಲ. ನನ್ನ ಮಾರೀ ನೋಡಲಿಲ್ಲ ನೀ. ಪರಕೀಯರ ಮನಿಗೆ ಬಂದವರಂಗ ಕುಂದರತಿ, ಕೊಟ್ಟಿದ್ದ ತಿಂತಿ, ಚಲೋ ಆಗೇದ ಅಂತಿ.'

ಅವಧೂತ ಅವಳೆದುರಿಗೆ ನೆಲದ ಮೇಲೆ ಕೂತ. ಕೋಬೆಯ ಆ ಮನೆ, ಆ ಹೂವಿನ ಮಾತು, ಯಾರೂ ಕೇಳದ ಆ ಒಂದು ಪ್ರಶ್ನೆ. ಅದಕ್ಕಾಗಿ ಒಂದು ದೇಶಕ್ಕೆ ದೇಶವನ್ನೇ ಅವನು ಎರಡು ವರ್ಷ ಬೈದಿದ್ದ. ಈಗ ತಲೆಯೆತ್ತಿ ಅವ್ವನನ್ನು ನೋಡಿದ. ಬೋಳು ಹಣೆ, ಕಿವಿಯ ಹಿಂದೆ ಹೊಸದಾಗಿ ಕತ್ತಿಯಾಡಿದ ಗುರುತು, ಗುಳಿಬಿದ್ದ ಕಣ್ಣು. ನೋಡಬೇಕಾದದ್ದನ್ನೆಲ್ಲ ನೋಡಿದ.

'ಏನಾಗಿತ್ತವ್ವಾ ಅಪ್ಪಗ?'

'ಕಾಲು ಬಾತಿದ್ವು,' ಎಂದಳು ಗಂಗೂಬಾಯಿ. ಎಷ್ಟು ದಿನದಿಂದ ಕಾದಿದ್ದಳೋ, ಮಾತು ನಿಲ್ಲದೆ ಬಂತು. 'ಆಮ್ಯಾಲೆ ಹೊಟ್ಟಿ. ವೈದ್ಯ ನೀರ ಕೊಡಬ್ಯಾಡ್ರಿ ಅಂದಿದ್ದ. ಮಳಿಗಾಲ ಮುಗದ್ರೂ ನೀರು ನೀರು ಅಂತಿದ್ರು. ನಾ ಕಲ್ಲಾಗಿ ಕುಂತಿದ್ದೆ, ಕೊಡಲಿಲ್ಲ. ಕಡೇ ದಿನ ಮಾರ್ತಾಂಡ ನನ್ನ ಬಾಜೂಕ ಸರಿಸಿ, ತಲೀ ತೊಡೀ ಮ್ಯಾಲ ತೊಗೊಂಡು, ಹೊಟ್ಟಿ ತುಂಬ ಕುಡಿಸಿದ. ಕುಡದು ಹೋದ್ರು. ನಿಂದ ಧ್ಯಾಸ ಇತ್ತು ಅವರಿಗೆ. ಬಂದವರ ಮುಂದ ಎಲ್ಲಾ ಅದನ್ನ ಹೇಳೂದು, ನನ್ನ ಮಗಗ ಅಲ್ಲಿ ಯಜಮಾನಕಿಂತ ಮೊದಲ ನೀರು ಕೊಡತಾರ ಅಂತ. ಅಂವ ಬಂದ ಮ್ಯಾಲೆ ನಮ್ಮ ಮನಿಯೊಳಗೂ ಮೊದಲ ನೀರು ಅವಗ ಕೊಡ್ರಿ, ಅಲ್ಲಿಕಿಂತ ಇಲ್ಲಿ ಕಡಿಮಿ ಆಗಬಾರದು ಅಂತ ನನ್ನ ಕೈಯಾಗ ಭಾಷೆ ತೊಗೊಂಡ್ರು. ಅದಕ್ಕ ದಿನಾ ಕೊಟ್ಟೀನಿ. ಇವತ್ತೊಂದ ದಿನ ಆಗಲಿಲ್ಲ.'

ಬಾಗಿಲ ಹೊರಗೆ ಮಾರ್ತಾಂಡ ಮೂಗು ಏರಿಸಿದ ಸದ್ದಾಯಿತು. ಅವಧೂತ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಸಣ್ಣವರು ಅಳುವಂತೆ ದನಿ ತೆಗೆದು ಅತ್ತ. ಅವ್ವ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. 

ಮುಖ ಮುಚ್ಚಿಕೊಂಡೇ ಅವನು, 'ಮುಂದಿನ ವರ್ಷ ನಾ ಕೂಡ್ಲೇನವ್ವಾ?' ಎಂದ.

'ಇಲ್ಲ,' ಎಂದಳು ಗಂಗೂಬಾಯಿ.

ಅವನು ಕೈ ತೆಗೆದು ಅವಳನ್ನು ನೋಡಿದ.

'ಇಲ್ಲ. ಶಾಸ್ತ್ರ ಏನ ಹೇಳತದ ನನಗ ಗೊತ್ತಿಲ್ಲ. ಬಾಯಾಗ ನೀರ ಬಿಟ್ಟಾಂವ ಮಾರ್ತಾಂಡ, ಎಳ್ಳುನೀರ ಬಿಡಾಂವನೂ ಅವನ. ನಾ ಇರೂತನಕ ಹಂಗ. ನೀ ಇರಲಿಲ್ಲ ಅವಧೂತಾ. ಅದನ್ನ ಯಾವ ಪಂಚಗವ್ಯನೂ ತೊಳೀಲಾರದು. ಅಂವಾ ಮಾಡತಾನ, ನೀ ಬಾಜೂಕ ಕುಂದರು.'

ಇಲ್ಲ. ನಗೆಯಿಲ್ಲದೆ, ಬಾಗದೆ, ಮೋರೆಗೆ ಮೋರೆ ಕೊಟ್ಟು ಹೇಳಿದ ಮಾತು. ಏಳು ವರ್ಷ ಯಾರ ಬಾಯಿಂದಲೂ ಅವನಿಗೆ ಸಿಗದ ಮಾತು ಅದು. ಸಿಕ್ಕಾಗ ಅದು ಇಷ್ಟು ನೋಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಬಯಸಿ ಬಂದದ್ದು ಹೋಗಿಯೇ ಹೋಯಿತು. ಆದರೂ ಅತಿಥಿಗೆ ಯಾರೂ ಹೀಗೆ ಹೇಳುವುದಿಲ್ಲ ಎಂಬುದೂ ಅವನಿಗೆ ತಿಳಿಯಿತು. ಅವನು ಹೂಂ ಎಂದು ತಲೆಯಾಡಿಸಿದ.

'ಏಳು, ಝಳಕಾ ಮಾಡು. ಹೊರಗ ತಿಂದು ಬಂದೀದಿ. ಉಣ್ಣಾಕ ತಗದಿಟ್ಟೀನಿ,' ಎಂದಳು ಅವ್ವ.

ಮಾರ್ತಾಂಡ ಬಾಗಿಲಿಗೆ ಬಂದು, 'ನೀರು ಆರಿರಬೇಕು ಅಣ್ಣಾ, ಉರಿ ಹಾಕಲೇನು?' ಎಂದ.

'ಬ್ಯಾಡೋ. ಎಲ್ಲಾರದೂ ಆತಲ್ಲ, ಇದ್ದದ್ದ ಸಾಕು.'

ಬಚ್ಚಲಲ್ಲಿ ಬೆಳಿಗ್ಗೆಯ ಕಲ್ಲು ಒಣಗಿತ್ತು. ಹಂಡೆಯ ತಳದಲ್ಲಿ ಉಳಿದ ನೀರು ಉಗುರುಬೆಚ್ಚಗಿತ್ತು, ಮೇಲೆ ಒಂದಿಷ್ಟು ಬೂದಿ ತೇಲುತ್ತಿತ್ತು. ಯಾರೋ ಬಿಟ್ಟ ಒಂದು ಕೂದಲೂ ಇತ್ತು. ಅವಧೂತ ಕೂತು, ತಂಬಿಗೆ ಮುಳುಗಿಸಿ, ಅಪ್ಪನ ಹೆಸರನ್ನು ಬಾಯಿಬಿಟ್ಟು ಒಮ್ಮೆ ಹೇಳಿ ತಲೆಯ ಮೇಲೆ ಸುರಿದುಕೊಂಡ. ಮತ್ತೊಂದು ಸುರಿದುಕೊಂಡ, ಮತ್ತೊಂದು. ಕಣ್ಣೀರು ಯಾವುದು ಬಚ್ಚಲ ನೀರು ಯಾವುದು ತಿಳಿಯಲಿಲ್ಲ. ಒಳಗಿನಿಂದ ಅವ್ವನ ದನಿ ಕೇಳಿಸಿತು, ಗಟ್ಟಿಯಾಗಿ, ಸಿಡುಕಿನಿಂದ:

'ಸಾಕ ಮಾಡೋ! ಎಲ್ಲಾ ಖಾಲಿ ಮಾಡಿಗೀಡಿ. ಭಾಂಡೆ ತಿಕ್ಕಾಕ ನೀರು ಬೇಕು ಕುಮುದಿನಿಗೆ.'

ಅವಧೂತ ಎತ್ತಿದ ತಂಬಿಗೆಯ ನೀರನ್ನು ಹಂಡೆಗೇ ಸುರಿದು ಎದ್ದ.